ಐವತ್ತಮೂರು ಕಡ್ಡಿ

ಫೆಬ್ರವರಿ 22, ಭಾನುವಾರ. ಬೆಳಿಗ್ಗೆ 7:42

ಏಳೂ ಗುಲಾಬಿ ಗಿಡ ಸವರಿ ಮುಗಿಯಿತು. ರೈಲು ಓಡಿಸುವಾಗ ಪ್ರತಿ ಸಿಗ್ನಲ್ಲಿಗೂ ಬೆರಳು ತೋರಿಸಿ ಕೂಗುತ್ತಿದ್ದ ಚಾಳಿ ಬಿಟ್ಟಿಲ್ಲ — ಪ್ರತಿ ಕಡ್ಡಿಗೂ ಬೆರಳು ತೋರಿಸಿ ಜೋರಾಗಿ, "ಹೊರಮುಖದ ಕಣ್ಣು, ಸರಿ!" ಆಮೇಲೆ ಕತ್ತರಿ.

ಹೆಂಡತಿ ಯಾಸುಯೊ ಮಾತ್ಸುಯೆ ಊರಿಗೆ ಹೋಗಿ ಒಂಬತ್ತು ದಿನ. ಅಲ್ಲಿ ಅವಳ ಅಕ್ಕನ ಮಂಡಿ ಆಪರೇಷನ್. ಹೊರಡುವ ಹಿಂದಿನ ದಿನ ಅಂದಿದ್ದಳು, "ರಿಟೈರ್ ಆದ್ರಿ, ಇನ್ನು ಇಡೀ ದಿನ ಮನೇಲೇ. ನನ್ನ ಮಾತು ಒಂದೂ ನಿಮ್ಮ ಕಿವಿಗೆ ಬೀಳಲ್ಲ. ವಾಪಸ್ ಬರೋದೋ ಬೇಡ್ವೋ, ಅಲ್ಲೇ ಕೂತು ಯೋಚಿಸ್ತೀನಿ."

ಬಂದರೆ ತೋಟ ನೋಡಿ ಖುಷಿಯಾಗಬೇಕು. ಬಂದರೆ...

10:15

ಕೈ ಸುಮ್ಮನಿರಲಿಲ್ಲ. ಬಾಗಿಲ ಪಕ್ಕದ ಹೈಡ್ರೇಂಜಿಯಾ ಹೂವಿನ ಪೊದೆಯನ್ನೂ ಮೊಣಕಾಲೆತ್ತರಕ್ಕೆ ಸಮ ಮಾಡಿದೆ. ಕ್ಷೌರ ಮಾಡಿದಷ್ಟು ನೀಟು. ಐವತ್ತಮೂರು ಕಡ್ಡಿ. ಚೀಲಕ್ಕೆ ತುಂಬಿ ಕಟ್ಟಿದೆ.

ಫೆಬ್ರವರಿ 23. ಸಂಜೆ 5:20

ಪಕ್ಕದ ಮನೆಯ ಕುವಾಬಾರ ಅಜ್ಜಿ ಬೇಲಿಯಾಚೆಯಿಂದ ನೋಡಿ ಬಾಯಿಗೆ ಕೈ ಇಟ್ಟುಕೊಂಡರು.

"ಅಯ್ಯೋ ಡ್ರೈವರಪ್ಪ, ಏನ್ ಮಾಡ್ಬಿಟ್ರಿ! ಅದರ ಮೊಗ್ಗು ಹೋದ ವರ್ಷವೇ ಕಡ್ಡಿ ತುದೀಲಿ ಕೂತಿರತ್ತೆ. ಈ ಸಲ ಒಂದು ಹೂವೂ ಇಲ್ಲ."

"ಗುಲಾಬಿ ಕತ್ತರಿಸ್ಬಹುದು, ಇದನ್ನ ಕತ್ತರಿಸ್ಬಾರ್ದಾ?"

"ಯಾಸುಯೊ ಗೇಟ್ ಹತ್ರ ನಿಂತು ಹೇಳಿದ್ಲಲ್ಲ, ಅದನ್ನ ಮುಟ್ಬೇಡಿ ಅಂತ! ಎಂಬತ್ತೆರಡರ ಕಿವಿ, ನಂಗೇ ಕೇಳಿಸ್ತು."

ಏನೋ ಅಂದಿದ್ದಳು, ನಿಜ. ನಾನು ವಾಚು ನೋಡುತ್ತಿದ್ದೆ. ಅವಳ ರೈಲು 9:16ಕ್ಕೆ.

ಆ ಗಿಡ ಅವಳ ತವರಿನದು. ಆ ಮನೆ ಕೆಡವುವ ಮುಂಚೆ ಅಗೆದು, ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಅಮ್ಮನದು ಅಂತ ಉಳಿದಿರುವುದು ಅದೊಂದೇ. ನಾಚಿಕೆಯಾಗುತ್ತಿದೆ. ಭಯವೂ.

ಫೆಬ್ರವರಿ 24. ಬೆಳಿಗ್ಗೆ 8:50

ಯಾಸುಯೊಗೆ ಫೋನ್ ಮಾಡಿ ಹೇಳಿಬಿಟ್ಟೆ. ಅವಳು ಕೇಳಿದ್ದು —

"ಕಡ್ಡಿ ಎಲ್ಲಿ?"

"ಬೀದಿ ಕೊನೇಲಿ ಕಸಕ್ಕಿಟ್ಟೆ. ಗಾಡಿ 8:30ಕ್ಕೆ ಬರತ್ತೆ."

"ಈಗ ಎಷ್ಟು?"

"8:22."

"ಮತ್ತೆ ಫೋನಲ್ಲಿ ಏನ್ ಮಾಡ್ತಿದ್ದೀರಿ? ಓಡ್ರೀ!"

ಮನೆ ಚಪ್ಪಲಿಯಲ್ಲೇ ಓಡಿದೆ. ಗಾಡಿ ಮೂಲೆ ತಿರುಗುವಾಗ ಚೀಲ ಕೈಗೆ ಸಿಕ್ಕಿತು. ವಾಪಸ್ ಬಂದು ರಿಸೀವರ್ ಎತ್ತಿದರೆ, ಅವಳು ಇನ್ನೂ ಇದ್ದಳು!

"ಎರಡು ಕಣ್ಣು ಮಣ್ಣೊಳಗೆ, ಎರಡು ಹೊರಗೆ. ನೆರಳಲ್ಲಿಡಿ. ಮಣ್ಣು ಒಣಗಬಾರ್ದು. ಎಲ್ಲಿ, ಹೇಳಿ ನೋಡೋಣ."

ಕಂಟ್ರೋಲ್ ರೂಮಿಗೆ ಹೇಳುತ್ತಿದ್ದ ಹಾಗೆ ಅಕ್ಷರ ಬಿಡದೆ ಒಪ್ಪಿಸಿದೆ. ವಾಪಸ್ ಯಾವಾಗ ಅಂತ ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು.

ಮಾರ್ಚ್ 6. 6:10, 6:40, 7:25

ಐವತ್ತಮೂರನ್ನೂ ನೆಟ್ಟ ಕುಂಡಗಳನ್ನು ಮೂರು ಸಲ ಹೋಗಿ ನೋಡಿದೆ. ಹತ್ತು ಕಡ್ಡಿ ಕಪ್ಪಾಗಿವೆ. ಅವಳು ಫೋನ್ ಎತ್ತುತ್ತಿಲ್ಲ. ಗುಲಾಬಿ ಕೆಂಪಗೆ ಚಿಗುರಿದೆ, ನೋಡುವ ಮನಸ್ಸಿಲ್ಲ.

ಮಾರ್ಚ್ 15. 6:05

ಮೂವತ್ತೊಂದು ಕಪ್ಪು. ಅನ್ನ ಸೇರುತ್ತಿಲ್ಲ.

ಮಾರ್ಚ್ 21. ಸಂಜೆ 6:33

ಅವಳೇ ಫೋನ್ ಮಾಡಿದಳು.

"ನಾಳೆ ಬರ್ತೀನಿ. ಇರೋದು ಬಿಡೋದು ಆಮೇಲೆ. ಎಷ್ಟು ಉಳಿದಿದೆ?"

"ಒಂಬತ್ತು. ಒಂದು ಚಿಗುರಿದೆ."

"ಹ್ಞೂಂ."

ಮಾರ್ಚ್ 22. ಗಂಟೆ ಗೊತ್ತಿಲ್ಲ

ವಾಚು ಮನೆಯಲ್ಲೇ ಬಿಟ್ಟು ಬಂದೆ. ಪ್ಲಾಟ್‌ಫಾರ್ಮಿನ ಗಡಿಯಾರಕ್ಕೆ ಬೆನ್ನು ಹಾಕಿ ಕೂತಿದ್ದೇನೆ. ಮಡಿಲಲ್ಲಿ ಕುಂಡ. ಎರಡೆಲೆ, ಉಗುರಿನಷ್ಟು.

ರೈಲು ಬಂತು. ಮೂರನೇ ಬೋಗಿಯ ಬಾಗಿಲಲ್ಲಿ ನಿಂತಿದ್ದಾಳೆ. ಕುಂಡ ನೋಡಿ ಏನೋ ಹೇಳುತ್ತಿದ್ದಾಳೆ. ಗದ್ದಲ, ಕೇಳಿಸುತ್ತಿಲ್ಲ. ಬರೆದದ್ದು ಸಾಕು, ಹತ್ತಿರ ಹೋಗಿ ಕೇಳಿಸಿಕೊಳ್ಳಬೇಕು.