ಇಪ್ಪತ್ತೇಳು ಸ್ನ್ಯಾಪ್‌ಶಾಟ್

೯ ಜೂನ್ ೨೦೦೯, ಮಂಗಳವಾರ. ಚಳ್ಳಕೆರೆ

ಸರ್ವರ್ ಇವತ್ತೂ ಮಲಗಿದೆ. ಒಬ್ಬ ರೋಗಿಯ ಹೆಸರು ಹುಡುಕಲು ನಾಲ್ಕು ನಿಮಿಷ. ನಮ್ಮ ಕಣ್ಣಿನ ಆಸ್ಪತ್ರೆಯ ಕ್ಯೂ ಗೇಟು ದಾಟಿತ್ತು. ಅಷ್ಟರಲ್ಲಿ ರೆಕಾರ್ಡ್ ರೂಮಿನ ಜಂಬುಲಿಂಗಪ್ಪನವರು ಹಳೇ ಕಾರ್ಡನ್ನೇ ತಂದಿಟ್ಟರು. ಮೂವತ್ತು ವರ್ಷ ಪಳಗಿದ ಕೈ. ಡಾಕ್ಟರ್ ಹೇಳಿಬಿಟ್ಟರು — ಸೋಮವಾರದೊಳಗೆ ಸರಿಯಾಗದಿದ್ದರೆ ಕಂಪ್ಯೂಟರಿಗೂ ನನಗೂ ಗೇಟ್‌ಪಾಸ್. ಸರಿಯಾದರೆ ಕಾರ್ಡು ಬೇಕಿಲ್ಲ, ತಿಂಗಳ ಕೊನೆಗೆ ಜಂಬುಲಿಂಗಪ್ಪನವರು ಮನೆಗೆ. ಇದೆಂಥ ನ್ಯಾಯವೋ!

ಮಧ್ಯಾಹ್ನ ಅವರೇ ರೊಟ್ಟಿ, ಶೇಂಗಾ ಚಟ್ನಿ ತಂದರು. "ಉಣ್ಣವ್ವ ಮೊದ್ಲು. ನೀ ಹಸ್ಕೊಂಡ್ರೆ ಮಿಷಿನ್ ಓಡ್ತೈತೇನು?"

೧೧ ಜೂನ್, ಗುರುವಾರ

ಒಂದೇ ಡಬ್ಬದೊಳಗೆ ಮೂರು ವರ್ಚುವಲ್ ಮಿಷಿನ್, ಒಂದೇ ಕಂಪ್ಯೂಟರು ಮೂರರ ಹಾಗೆ ಓಡೋದು. ರೋಗಿಗಳ ಡೇಟಾಬೇಸ್ ಇರೋದಕ್ಕೆ ಮೆಮೊರಿ ಎರಡರಿಂದ ನಾಲ್ಕು ಜಿಬಿ ಮಾಡಿದೆ. ಉಳಿದೆರಡನ್ನು ನಿಲ್ಲಿಸಿದೆ. ಊಹೂಂ. ಡಿಸ್ಕ್ ಮಾತ್ರ ಒದ್ದಾಡುತ್ತಲೇ ಇದೆ...

೧೩ ಜೂನ್, ಶನಿವಾರ

ಸಿಕ್ಕಿತು! ಇಪ್ಪತ್ತೇಳು ಸ್ನ್ಯಾಪ್‌ಶಾಟ್. ಮಿಷಿನ್ ಕೆಟ್ಟರೆ ಹಿಂದಕ್ಕೆ ಹೋಗಲಿಕ್ಕೆ ಅಂತ ಅದರ ಆ ಹೊತ್ತಿನ ಸ್ಥಿತಿ ಉಳಿಸಿಡೋದು, ಯಾರೋ ಒಂದರ ಮೇಲೊಂದು ಪೇರಿಸಿದ್ದಾರೆ. ಒಂದು ಹೆಸರಿಗೆ ಡಿಸ್ಕು ಅಷ್ಟನ್ನೂ ತಡಕಾಡಬೇಕು. ನನ್ನನ್ನು ಬಿಟ್ಟರೆ ಸ್ನ್ಯಾಪ್‌ಶಾಟ್ ತೆಗೆಯೋ ಬಟನ್ ಗೊತ್ತಿರೋದು ಜಂಬುಲಿಂಗಪ್ಪನವರಿಗೆ. ಕಳೆದ ತಿಂಗಳು ರಜೆಗೆ ಹೋಗುವಾಗ ನಾನೇ ಕಲಿಸಿದ್ದು. ಒಂದು ಗಳಿಗೆ ಕೆಟ್ಟ ಅನುಮಾನ ಬಂತು — ಕೆಲಸ ಉಳಿಸಿಕೊಳ್ಳೋಕೆ ಮಾಡಿದರಾ? ಬರೆಯೋಕೂ ನಾಚಿಕೆ. ಕೇಳಿಯೇ ಬಿಟ್ಟೆ.

"ದಿನಾ ಊದಿನಕಡ್ಡಿ ಹಚ್ಚಿ ಒಂದೊಂದು ತೆಗೀತಿದ್ದೆ ಕಣವ್ವ. ಮಿಷಿನ್ ಕೆಟ್ರೆ ನಿನ್ ಕೆಲ್ಸ ಹೋಗ್ತೈತಲ್ಲ?"

ಅಳು ಬಂದುಬಿಟ್ಟಿತು. ಎಂಥ ಜೀವ!

೧೪ ಜೂನ್, ಭಾನುವಾರ

ಬ್ಯಾಕಪ್ ಮುಗಿಯಿತು. ಇನ್ನು ಆ ಇಪ್ಪತ್ತೇಳನ್ನೂ ಅಳಿಸಿ ಡಿಸ್ಕನ್ನು ಒಂದಾಗಿಸಬೇಕು. ಮೌಸ್ ಹಿಡಿದು ಕೂತೇ ಇದ್ದೆ. ಒತ್ತಿದರೆ ಅವರ ಕೆಲಸ ಹೋಯಿತು. ಅವರಿಗೂ ಗೊತ್ತು. "ಸರೀ ಅತ್ಲಾಗೆ" ಅಂತ ನನ್ನ ಕೈ ಸರಿಸಿ ಅವರೇ ಒತ್ತಿದರು.

ಆರು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಪಕ್ಕದಲ್ಲೇ ಕೂತು ಎಲೆಅಡಿಕೆ ಹಾಕಿದರು.

೧೫ ಜೂನ್, ಸೋಮವಾರ, ಬೆಳಿಗ್ಗೆ ೧೧

ಹೆಸರು ಒಂದೇ ಸೆಕೆಂಡಿಗೆ. ಕ್ಯೂ ಕರಗಿತು. ಡಾಕ್ಟರ್ ಖುಷಿ. ಇಬ್ಬರನ್ನೂ ಒಳಗೆ ಬರಹೇಳಿದ್ದಾರೆ. ಜಂಬುಲಿಂಗಪ್ಪನವರು ರೆಕಾರ್ಡ್ ರೂಮಿನ ಬೀಗದ ಕೈ ತೆಗೆದು ಪಂಚೆ ಅಂಚಲ್ಲಿ ಒರೆಸುತ್ತಿದ್ದಾರೆ, ಒಪ್ಪಿಸೋಕೆ.

ನಮ್ಮ ಮೊಳಕಾಲ್ಮೂರು ಶಾಖೆಯ ಹನ್ನೊಂದು ಸಾವಿರ ಕಾರ್ಡ್ ಇನ್ನೂ ಕಂಪ್ಯೂಟರಿಗೆ ಏರಿಸಿಲ್ಲ. ಅಲ್ಲಿನ ಹಳೇ ಕಾಂಪೌಂಡರ್ ಎಲ್ಲಾ ತೆಲುಗಲ್ಲಿ ಗೀಚಿಟ್ಟಿದ್ದಾನೆ. ಆ ಗೀಚನ್ನು ಓದಬಲ್ಲವರು ಇಡೀ ಆಸ್ಪತ್ರೆಯಲ್ಲಿ ಇವರೊಬ್ಬರೇ.

"ಬೀಗದ ಕೈ ಜೇಬಿಗೆ ಹಾಕ್ರಿ" ಅಂದೆ.

"ಯಾಕವ್ವ?"

ಡಾಕ್ಟರ್ ಬೆಲ್ ಹೊಡೆದರು. ಹೋಗಿ ಹೇಳ್ತೀನಿ, ಆ ಕಾರ್ಡೆಲ್ಲಾ ಏರಿಸೋತನಕ ಇನ್ನೂ ಎರಡು ವರ್ಷ ಇವರಿಲ್ಲದೆ ನನಗೆ—