ಮಹಡಿ ಕೋಣೆಯ ಬಾಗಿಲು

ಬೀಗದ ಅಂಗಡಿಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತೂವರೆ

ಊರಿಗೆಲ್ಲ ಎಣ್ಣೆಯಮ್ಮನಾದ, ನನಗೊಬ್ಬನಿಗೆ ಮಾತ್ರ ಹೆಂಡತಿಯಾದ ನಿನಗೆ ಪ್ರೀತಿಯ ನೆನಪುಗಳು.

ಮೊದಲು ನಿನ್ನ ಸೊಂಟ ಹೇಗಿದೆ ಹೇಳು. ನಲವತ್ತು ಜನರ ಕಾಲು ನೀವುವವಳ ಸೊಂಟವನ್ನು ಆ ವೃದ್ಧಾಶ್ರಮದಲ್ಲಿ ನೋಡುವವರು ಯಾರು? ಮಲಗುವಾಗ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೀಯಾ, ಅದನ್ನೂ ಯಾರಿಗೋ ಕೊಟ್ಟುಬಿಟ್ಟೆಯಾ? ಕೊಟ್ಟಿರುತ್ತೀಯ, ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ. ಅನ್ನ ಮಾತ್ರ ದಿನಾ ತಳ ಹಿಡಿಯುತ್ತದೆ. ಪಾತ್ರೆಯದೇ ತಪ್ಪು ಅಂತ ನನ್ನ ವಾದ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಾತು ಶುರುವಾಗುವ ಹೊತ್ತಿಗೆ ಹಿಂದಿನಿಂದ ಯಾರೋ ಕರೆಯುತ್ತಾರೆ, ‘ಒಂದು ನಿಮಿಷ ರೀ’ ಅಂತ ಹೋದ ನೀನು ಮತ್ತೆ ಸಿಗುವುದೇ ಇಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಗಿರಾಕಿ ಬಂದರೆ ನಿಲ್ಲಿಸಿ ಮತ್ತೆ ಬರೆಯುತ್ತೇನೆ, ಅಕ್ಷರ ಹೇಗಾದರೂ ಇರಲಿ ಓದಿಕೋ.

ಆಶ್ರಮಕ್ಕೆ ಹೊರಡುವ ದಿನ ನೀನು ನನ್ನ ಕೈಗೆ ಎರಡು ಬಾಟಲಿ ಎಣ್ಣೆ, ನೀನು ನೋಡಿಕೊಳ್ಳುವ ಮುದುಕರ ಪಟ್ಟಿಯ ಒಂದು ಚೀಟಿ ಕೊಟ್ಟೆಯಲ್ಲ, ಆಗ ನಾನು ಮುಖ ಸಿಂಡರಿಸಿದ್ದು ನಿಜ. ಇಪ್ಪತ್ತೆಂಟು ವರ್ಷ ನಾನು ಒಂದೇ ರಾಗ ಎಳೆದವನು: ‘ಊರವರ ಕಾಲು ಹಿಡಿಯೋಕೆ ಹೋಗ್ತೀಯಲ್ಲ, ನಿಂಗೇನು ಬಂದಿದೆ?’ ನಿಮ್ಮಪ್ಪ ಕಲಿಸಿದ ಬೇರು ಸೊಪ್ಪಿನ ವಿದ್ಯೆ ಇಟ್ಟುಕೊಂಡು ಪುಟ್ಟದೊಂದು ಚಿಕಿತ್ಸಾಲಯ ತೆಗೆದಿದ್ದರೆ ಬೋರ್ಡಾದರೂ ಇರುತ್ತಿತ್ತು. ನೀನು ಹುಡುಕಿಕೊಂಡು ಹೋಗಿದ್ದು ಮನೆಯವರೇ ಮರೆತ ಮುದುಕರನ್ನು, ಮುದುಕಿಯರನ್ನು. ಅಂಥ ನಾನು ನಿನ್ನ ಚೀಟಿ ಜೇಬಿನಲ್ಲಿಟ್ಟುಕೊಂಡು ಮನೆ ಮನೆಗೆ ಹೊರಟಿದ್ದು ನೋಡಿ ಬೀದಿಯವರು ಬಾಯಿ ಮೇಲೆ ಬೆರಳಿಟ್ಟುಕೊಂಡರು. ಮೊದಲ ವಾರ ಕಂಡಕ್ಟರ್ ತಾತನ ಮೊಣಕಾಲಿಗೆ ಎಣ್ಣೆ ಸುರಿದವನು ಹಾಸಿಗೆಯನ್ನೇ ನೆನೆಸಿಬಿಟ್ಟೆ. ನಾನು ಮಂಚದ ಮೇಲೆ ಕೂತರೆ ಆತ ಇವತ್ತಿಗೂ ‘ಒಳಗೆ ಸರೀರಿ, ಒಳಗೆ ಸರೀರಿ’ ಅನ್ನುತ್ತಾನೆ. ಆ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತದೆ, ಮಾತು ಬರುವುದಿಲ್ಲ. ನಾನು ಹೋದರೆ ಎದ್ದು ಅಂಗಿ ಗುಂಡಿ ಹಾಕಿಕೊಳ್ಳುತ್ತಾನೆ. ನೀನು ಇಷ್ಟು ವರ್ಷ ಮಾಡುತ್ತಿದ್ದುದು ಏನು ಅಂತ ಆ ಗುಂಡಿಗಳನ್ನು ನೋಡುವಾಗ ನನಗೆ ಸ್ವಲ್ಪ ಸ್ವಲ್ಪ ಹೊಳೆಯಿತು.

ಈಗ ಚೀಟಿಯ ಕೊನೆಯ ಸಾಲಿನ ವಿಷಯ. ನೀನೇ ಬರೆದಿದ್ದು: ‘ಟೈಪಿಸ್ಟಮ್ಮ. ಮೂರು ಸಲ ಹೋದೆ. ಮಗಳ ಮನೆಗೆ ಹೋಗಿದ್ದಾರೆ ಅಂದರು. ನನ್ನ ಮನಸ್ಸು ಒಪ್ಪುತ್ತಿಲ್ಲ, ಹೇಗಾದರೂ ಮಾಡಿ ನೋಡಿ.’ ಕೋರ್ಟಿನಲ್ಲಿ ಮೂವತ್ತು ವರ್ಷ ತೀರ್ಪುಗಳನ್ನು ಟೈಪ್ ಮಾಡಿದ ಆಯಮ್ಮ ಗೊತ್ತಲ್ಲ, ಬ್ಯಾಗು ಬಗಲಿಗೆ ಒತ್ತಿಕೊಂಡು ಸೈನಿಕರ ಹಾಗೆ ನಡೆಯುತ್ತಿದ್ದವರು. ನೀನು ಹೋಗಿ ಹನ್ನೊಂದು ದಿನ ನಾನು ಆ ಸಾಲನ್ನು ಮಾತ್ರ ಬಿಟ್ಟು ಉಳಿದವರನ್ನು ನೋಡಿಕೊಂಡೆ. ಹನ್ನೆರಡನೇ ದಿನ ಭಾನುವಾರ. ಎಣ್ಣೆ ಬಾಟಲಿ ಹಿಡಿದು ಅವರ ಮನೆಗೆ ಹೋದೆ. ಮಗ ಬಾಗಿಲು ಅರ್ಧ ತೆಗೆದು, ‘ಅಮ್ಮ ಅಕ್ಕನ ಮನೇಲಿದಾರೆ’ ಅಂದ. ‘ಆಗಲಿ ಬಿಡಿ. ಮಹಡಿ ಕೋಣೆಯ ಬೀಗಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟು ಹೋಗ್ತೀನಿ’ ಅಂದೆ. ಅಲ್ಲಿ ಬೀಗ ಇರುವುದು ನನಗೆ ಹೇಗೆ ಗೊತ್ತು ಅಂತ ನೀನು ಕೇಳುತ್ತೀಯ. ಬೀಗದವನಿಗೆ ಮನೆಗಳ ಗುಟ್ಟು ಹೇಗೋ ತಿಳಿಯುತ್ತದೆ ಅಂತಿಟ್ಟುಕೋ. ಮಗನ ಮುಖ ಬಿಳಿಚಿಕೊಂಡಿತು. ‘ನೀವು ಯಾರ್ರೀ ಕೇಳೋಕೆ’ ಅಂತ ದನಿ ಏರಿಸಿದ. ಒಳಗಿಂದ ಸೊಸೆ ಬಂದಳು. ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟು ಅಡುಗೆಮನೆಗೆ ಹೋಗಿಬಿಟ್ಟಳು.

ಅವರು ಕಟುಕರಲ್ಲ ಕಣೇ, ಅದನ್ನೂ ಬರೆಯಬೇಕು. ಕೋಣೆ ಗುಡಿಸಿತ್ತು, ಹಾಸಿಗೆ ಒಗೆದದ್ದು, ಮುಚ್ಚಿಟ್ಟ ಡಬ್ಬಿಯಲ್ಲಿ ಊಟವಿತ್ತು. ಆಯಮ್ಮ ಎರಡು ಸಲ ಗ್ಯಾಸ್ ಹಚ್ಚಿ ಮರೆತಿದ್ದರಂತೆ. ಒಂದು ದಿನ ಹೇಳದೆ ಕೇಳದೆ ಹೊರಟು ಹಳೇ ಕೋರ್ಟಿನ ಮೆಟ್ಟಿಲ ಮೇಲೆ ಸಂಜೆಯವರೆಗೆ ಕೂತಿದ್ದರಂತೆ. ಗಂಡ ಗೋದಾಮಿಗೆ, ಹೆಂಡತಿ ಶಾಲೆಗೆ, ಎಂಟಕ್ಕೆ ಹೋದರೆ ಆರಕ್ಕೆ ಬರುವವರು. ‘ಇನ್ನೇನು ಮಾಡಬೇಕಿತ್ತು ನಾವು, ನೀವೇ ಹೇಳಿ’ ಅಂತ ಆ ಮಗ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. ನಾನು ಬೀಗ ತೆಗೆದೆ. ಒಳಗೆ ಹೋದೆ.

ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಆಯಮ್ಮ ಮಂಚದ ಅಂಚಿನಲ್ಲಿ ಕೂತು ಹೊದಿಕೆಯ ಮೇಲೆ ಹತ್ತೂ ಬೆರಳು ಆಡಿಸುತ್ತಿದ್ದರು, ಒಂದು ಸಾಲು ಮುಗಿದಾಗ ಎಡಗೈ ಪಕ್ಕಕ್ಕೆ ತಳ್ಳಿ ಮತ್ತೆ ಶುರು. ಕಾಲು ನೋಡಿದೆ. ಉಗುರು ಬೆಳೆದು ಬೆರಳಿನಡಿಗೆ ಸುತ್ತಿಕೊಂಡಿದ್ದವು. ನೀನು ಹೇಳಿಕೊಟ್ಟಂತೆ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ‘ಅಮ್ಮಾ, ಮುಟ್ಟಲಾ?’ ಅಂತ ಕೇಳಿದೆ. ಕಾಲು ಹೊದಿಕೆಯೊಳಗೆ ಎಳೆದುಕೊಂಡರು. ಎರಡನೇ ದಿನ ಸಂಜೆಯೂ ಹಾಗೇ. ಮೂರನೇ ದಿನ ನಾನು ಏನೂ ಕೇಳದೆ ನೆಲದ ಮೇಲೆ ಕೂತು ಅಂಗಡಿಯ ಕೆಲಸವನ್ನೇ ತಂದು ಮಾಡಿಕೊಂಡೆ. ನಾಲ್ಕನೇ ದಿನ ಕಾಲು ತಾನಾಗಿ ಈಚೆ ಬಂತು. ನಾನು ಭಯಭಕ್ತಿಯಿಂದ ಶುರುಮಾಡಿದರೆ ಮೇಲಿಂದ ಅಪ್ಪಣೆಯಾಯಿತು: ‘ಒತ್ತಬೇಡ. ಸವರು.’ ಎಷ್ಟು ತಿಂಗಳ ಮೇಲೆ ಆಡಿದ ಮಾತೋ! ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಿಮ್ಮಡಿಯಲ್ಲಿ ಒಂದು ಹುಣ್ಣಿತ್ತು, ಅಂಚು ಕಪ್ಪಗೆ. ಕಪ್ಪಾಗಿದ್ದರೆ ಎಣ್ಣೆಗೂ ನನಗೂ ಅದು ಮೀರಿದ್ದು, ಸೀದಾ ಆಸ್ಪತ್ರೆ ಅಂತ ನೀನು ಹೇಳಿದ್ದು ನೆನಪಿತ್ತು. ಮಗನನ್ನೂ ಕರೆದುಕೊಂಡು ಅವತ್ತೇ ಹೋದೆ. ಇನ್ನೂ ಹದಿನೈದು ದಿನ ಬಿಟ್ಟಿದ್ದರೆ ಪಾದಕ್ಕೇ ಕುತ್ತು ಬರುತ್ತಿತ್ತು ಅಂದರು ಡಾಕ್ಟರು. ಈಗ ಮಾಗುತ್ತಿದೆ, ಗಾಬರಿಯಾಗಬೇಡ. ವಾಪಸ್ ಬರುವಾಗ ದಾರಿಯಲ್ಲಿ, ಮುಂಚೆ ಯೋಚನೆಯೇನೂ ಮಾಡದೆ, ‘ಹಗಲು ಹೊತ್ತು ನಮ್ಮ ಅಂಗಡೀಲಿ ಬಿಟ್ಟುಹೋಗಪ್ಪ, ನಾನು ಹೇಗೂ ಕೂತಿರ್ತೀನಿ’ ಅಂದುಬಿಟ್ಟೆ.  ಮಾರನೇ ದಿನ ಎಂಟಕ್ಕೆ ಸರಿಯಾಗಿ ಸ್ಕೂಟರ್ ಬಂದು ನಿಂತಿತು. ಸಂಜೆ ಮಗನೇ ಸ್ಕ್ರೂಡ್ರೈವರ್ ಕೇಳಿ ತೆಗೆದುಕೊಂಡು ಹೋಗಿ ಮಹಡಿಯ ಬೀಗ ಬಿಚ್ಚಿ ತಂದು ನನ್ನ ಮೇಜಿನ ಮೇಲಿಟ್ಟ.

ಅಂದಿನಿಂದ ನನ್ನ ಅಂಗಡಿಗೆ ನಾನು ಯಜಮಾನನಲ್ಲ. ಆಯಮ್ಮ ಕುರ್ಚಿಯಲ್ಲಿ ಕೂತ ಮೊದಲ ಗಂಟೆಯಲ್ಲೇ ಬೋರ್ಡ್ ನೋಡಿ, ‘ಬಿಗ ಅಂದ್ರೆ ಏನು? ದೀರ್ಘ ಎಲ್ಲಿ?’ ಅಂತ ಕೇಳಿದರು. ಹತ್ತೊಂಬತ್ತು ವರ್ಷದಿಂದ ನಾನು ‘ಬಿಗ ರಿಪೇರಿ’ ಮಾಡುತ್ತಿದ್ದೇನೆ, ನೀನೂ ಹೇಳಲಿಲ್ಲ! ಕೆಲವು ದಿನ ಮಂಕು. ನನ್ನನ್ನು ಜವಾನ ಅಂದುಕೊಂಡು ಫೈಲು ತರಿಸುತ್ತಾರೆ. ನಾನೂ ರಸೀದಿ ಪುಸ್ತಕ ಕೊಟ್ಟು ಕೈ ಕಟ್ಟಿ ನಿಲ್ಲುತ್ತೇನೆ. ಬುದ್ಧಿ ತಿಳಿಯಾಗಿರುವ ದಿನ ಕಂಡಕ್ಟರ್ ತಾತನೂ ಬಂದು ಸೇರಿಕೊಂಡರೆ ಇಬ್ಬರೂ ಜಗಳ ಕಾಯುತ್ತಾರೆ, ಕೇಳುವುದಕ್ಕೆ ಗಿರಾಕಿಗಳು ನಿಲ್ಲುತ್ತಾರೆ. ಆದ್ದರಿಂದ ಇನ್ನೊಂದು ತಿಂಗಳು ಇರಲಾ ಅಂತ ನೀನು ಕೇಳಿದ್ದೆಯಲ್ಲ, ಇದ್ದು ಬಾ. ನನ್ನ ಚಿಂತೆ ಬಿಡು.

ಅಲ್ಲಿರುವ ಎಲ್ಲ ಹಿರಿಯರಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಕೈಗಳು ಚೆನ್ನಾಗಿರಲಿ.

ನಿನ್ನವನೇ ಆದ,
ಬೀಗದವನು

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು. ಅಂಚೆಯವನು ಬರುವ ಹೊತ್ತಾಯಿತು, ಬೇಗ ಬೇಗ ಹೇಳುತ್ತೇನೆ. ಆ ಮಹಡಿಯ ಬೀಗ ಕೂರಿಸಿದವನು ನಾನೇ. ಎಂಟು ತಿಂಗಳ ಹಿಂದೆ. ಕೊರೆಯುವಾಗ ಒಳಗೆ ಏನೋ ಸದ್ದಾಯಿತು. ‘ಹಳೇ ಸಾಮಾನು’ ಅಂದ ಮಗ. ಸಾಮಾನು ಕೆಮ್ಮುವುದಿಲ್ಲ ಅಂತ ನನಗೆ ಗೊತ್ತಿತ್ತು, ಆದರೂ ಚೀಲ ಹೆಗಲಿಗೇರಿಸಿಕೊಂಡು ಬಂದೆ. ನಿನ್ನ ಚೀಟಿ ಓದಿದ ದಿನವೇ ಆಯಮ್ಮ ಎಲ್ಲಿದ್ದಾರೆಂದು ನನಗೆ ತಿಳಿದಿತ್ತು. ಹನ್ನೊಂದು ದಿನ ಆ ಮನೆಗೆ ಹೋಗಲು ಮುಖವಿಲ್ಲದೆ ಸುಮ್ಮನಿದ್ದೆ. ನಿನ್ನೆ ಅಂಗಡಿಯಲ್ಲಿ ಒಂದು ಸ್ಕ್ರೂ ಕೂರದೆ ಸತಾಯಿಸಿದಾಗ ಅದಕ್ಕೆ, ‘ಕೂತ್ಕೋ ರಾಜ, ಕೂತ್ಕೋ’ ಅಂತ ನನ್ನ ಅಭ್ಯಾಸದಂತೆ ಗೊಣಗುತ್ತಿದ್ದೆ. ಆಯಮ್ಮನ ಬೆರಳು ನಿಂತವು. ‘ಅವತ್ತು ಬಾಗಿಲಾಚೆ ಹೀಗಂದವನು ನೀನೇ ಅಲ್ವಾ?’ ಅಂದರು. ಹೌದಮ್ಮ ಅಂದೆ. ‘ಒಳಗೆ ಯಾರಿದಾರೆ ಅಂತ ಒಂದು ಮಾತು ಕೇಳಬೇಕಿತ್ತು’ ಅಂದರು. ಅಷ್ಟೇ. ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ, ಇವತ್ತು ಬೆಳಿಗ್ಗೆ ಮತ್ತೆ ಬಂದು ಕೂತಿದ್ದಾರೆ. ಈ ಕಾಗದ ಬರೆಯುತ್ತಿರುವಾಗಲೇ ಮೇಲಿನ ಬೀದಿಯಿಂದ ಒಬ್ಬರು ಬಂದರು. ಕೋಣೆಯೊಂದಕ್ಕೆ ಹೊರಗಡೆಯಿಂದ ಬೀಗ ಕೂರಿಸಬೇಕಂತೆ. ಒಳಗೆ ಯಾರಿದಾರೆ ಅಂತ ಕೇಳಿದೆ. ಆತ ‘ಯಾವಾಗ ಬರ್ತೀರಿ’ ಅಂತ ಮಾತ್ರ ಕೇಳಿದ. ವಿಳಾಸ ಬರೆದುಕೊಂಡಿದ್ದೇನೆ. ಇದ್ದು ಬಾ ಅಂದಿದ್ದನ್ನು ಹೊಡೆದುಹಾಕು. ಎರಡು ದಿನದ ಮಟ್ಟಿಗಾದರೂ ಬೇಗ ಬಾ, ಇಬ್ಬರೂ ಆ ಮನೆಗೆ ಹೋಗೋಣ.