ಒಂದೂವರೆ ತಾಸಿನ ಮೈಸೂರು

೨೧೯೧, ಹದಿಮೂರನೆಯ ತಿಂಗಳು, ಕೃಷ್ಣಾ ನದಿಯ ದಂಡೆ.

ಹಿಂದಿನ ಕಾಲದವರಿಗೆ ಶರಣು. ತಾರೀಖು ನೋಡಿ ನಗಬೇಡಿ. ಮಳೆ ಹನ್ನೆರಡು ತಿಂಗಳಲ್ಲಿ ಹಿಡಿಸದಾದ ಮೇಲೆ ನಮ್ಮ ಹಿರಿಯರು ಒಂದು ತಿಂಗಳು ಹೆಚ್ಚಿಗೆ ಸೇರಿಸಿದರು. ನಿಮಗೆ ತಿಳಿಯದ ಹೆಸರುಗಳು ಬಂದರೆ ಕ್ಷಮಿಸಿ. ನಾನು ಕಲಬುರಗಿಯ ಜಗದೇವಿ. ಮೈಸೂರಿಗೆ, ಮಗಳು ಸುಗಲಾಳ ಬಾಣಂತನಕ್ಕೆ ಹೊರಟವಳು. ದಾರಿ ಕೆಟ್ಟಾಗಿನಿಂದ ಬಸುರಿಯರು ತವರಿಗೆ ಬರುವುದಿಲ್ಲ, ತಾಯಿಯೇ ಹೋಗುತ್ತಾಳೆ.

ಎಣ್ಣೆ ತೀರಿ ವಿಮಾನ ನಿಂತು ಮೂರು ತಲೆಮಾರಾಯಿತು. ಕಲಬುರಗಿಯ ವಿಮಾನ ನಿಲ್ದಾಣದಲ್ಲಿ ಈಗ ತೊಗರಿ ಒಣಗಿಸುತ್ತೇವೆ; ಅಷ್ಟು ಉದ್ದದ ಸಮತಟ್ಟು ನೆಲ ಬೇರೆಲ್ಲೂ ಇಲ್ಲ. ಮೈಸೂರಿನ ನಿಲ್ದಾಣದಲ್ಲಿ ಕುರಿಸಂತೆ ಆಗುತ್ತದೆಂದು ಸುಗಲಾ ಹೇಳಿದ್ದಳು. ನಡುವಿನ ಆರುನೂರು ಕಿಲೋಮೀಟರನ್ನು ಬಿಸಿಲುಬಂಡಿಯಲ್ಲಿ ದಾಟಬೇಕು. ಬಿಸಿಲಿದ್ದರೆ ಮಾತ್ರ ಉರುಳುವ, ಮೋಡ ಕವಿದರೆ ನಾವೇ ಇಳಿದು ತಳ್ಳುವ ಬಂಡಿ ಅದು. ಸೇತುವೆಗಳು ಉಳಿದಿಲ್ಲ, ಹೊಳೆ ಬಂದಲ್ಲಿ ದೋಣಿ. ಎಲ್ಲ ನೆಟ್ಟಗಿದ್ದರೆ ಒಂದು ತಿಂಗಳು. ದನಿಗಲ್ಲು ಮಾತ್ರ ಎಲ್ಲರ ಸೊಂಟದಲ್ಲೂ ಇದೆ. ಅಂಗೈಯಗಲದ ಆ ಕಲ್ಲಿನಲ್ಲಿ ಎಲ್ಲಿಯ ಮಾತಾದರೂ ಆ ಕ್ಷಣವೇ ಕೇಳುತ್ತದೆ.

ಆದರೂ ನಾವು ದೂರವನ್ನು ಹೇಳುವುದು ನಿಮ್ಮ ಲೆಕ್ಕದಲ್ಲೇ. ಹೆಣ್ಣು ಕೊಡುವ ಮನೆಯಲ್ಲಿ ದಾರಿಗೆ ಹಿಡಿಯುವ ತಿಂಗಳ ಮಾತೆತ್ತುವುದು ಅಪಶಕುನ. ನಿಶ್ಚಯದ ದಿನ ಗಂಡಿನ ಕಡೆಯ ಹಿರಿಯರು ಎದ್ದು ನಿಂತು, ಎರಡೂ ಊರಿನ ನಿಲ್ದಾಣದ ಹೆಸರು ಹೇಳಿ, ವಿಮಾನದ ಹಾರಾಟಕ್ಕೆ ಹಿಡಿಯುತ್ತಿದ್ದ ಹೊತ್ತು ಹೇಳಬೇಕು. ಇದಕ್ಕೆ ಮುಗಿಲಮಾತು ಎನ್ನುತ್ತೇವೆ. ಸುಗಲಾಳಿಗೆ ಬಂದದ್ದು ಒಂದೂವರೆ ತಾಸು. ನನ್ನ ಜೀವಕ್ಕೆ ಎಷ್ಟು ಸಮಾಧಾನವಾಯಿತೆಂದರೆ, ಕೇಳಿದವರಿಗೆಲ್ಲ ಅದನ್ನೇ ಹೇಳುತ್ತ ಬಂದೆ. ಹೇಳಿ ಹೇಳಿ ಮೈಸೂರು ಹಿತ್ತಲ ಬಾಗಿಲಿನಷ್ಟು ಹತ್ತಿರವಾಯಿತು. ಅವಳ ಬಸಿರಿಗೆ ಆರು ತಿಂಗಳು ತುಂಬಿದಾಗಲೇ ಬಂಡಿ ಏರಬೇಕಿತ್ತು. ತೊಗರಿ ರಾಶಿ ಮುಗಿಸಿಕೊಂಡು, ಎಂಟು ತುಂಬಿದ ಮೇಲೆ ಏರಿದೆ. ನಮ್ಮ ಓಣಿಯಲ್ಲಿ ಒಬ್ಬರಿಗೂ ತಡವಾಯಿತು ಅನಿಸಲಿಲ್ಲ.

ಇಲ್ಲಿಗೆ ಬಂದರೆ ಕೃಷ್ಣೆ ತುಂಬಿ ಹರಿಯುತ್ತಿತ್ತು. ದೋಣಿಯವರು ಹಗ್ಗ ಬಿಚ್ಚಲಿಲ್ಲ. ಅತ್ತ ಮೈಸೂರಿನಲ್ಲಿ ದಿನ ತುಂಬುವ ಮೊದಲೇ ಸುಗಲಾ ಹೆತ್ತಳು. ಹೆಣ್ಣುಮಗು. ಮರುದಿನವೇ ಅವಳಿಗೆ ಜ್ವರ ಏರಿತು. ಸಂಜೆಯಾದರೆ ಕಲ್ಲಿನಲ್ಲಿ ಅವಳ ದನಿ: "ಎಲ್ಲಿತನಕ ಬಂದಿ ಯವ್ವಾ?" "ಬಂದೇ ಬಿಟ್ಟೀನವಾ, ನೀ ಸುಮ್ಮನ ಮಲಕೋ" ಎನ್ನುತ್ತಿದ್ದೆ. ಹೊಳೆಯ ಸದ್ದು ಅವಳಿಗೆ ಕೇಳದಿರಲೆಂದು ಕಲ್ಲನ್ನು ಸೆರಗಿನಲ್ಲಿ ಮುಚ್ಚಿ ಹಿಡಿಯುತ್ತಿದ್ದೆ. ಮೊನ್ನೆ ಬೆಳಿಗ್ಗೆ ಬಂದದ್ದು ಬೀಗರ ದನಿ. "ಬೀಗ್ತಿಯವ್ರೆ, ನಿಮ್ಮ ಮಗಳನ್ನ ಉಳಿಸ್ಕೊಳಕ್ಕಾಗ್ಲಿಲ್ಲ. ರಾತ್ರಿಯಿಂದ ನಿಮಗೋಸ್ಕರ ಮಡಗಿದ್ದೀವಿ, ಇನ್ನು ಇಡಕ್ಕಾಗಲ್ಲ. ನೀವು ಹೂಂ ಅಂದ್ರೆ ಮಣ್ಣು ಮಾಡ್ತೀವಿ." ಹೂಂ ಅಂದೆ.

ಅವರು ತಮ್ಮ ದನಿಗಲ್ಲನ್ನು ಕುಣಿಯ ಅಂಚಿನಲ್ಲಿಟ್ಟರು. ಒಂದು ಹಿಡಿ ಮಣ್ಣು ನನ್ನ ಪಾಲಿನದು. ನಾನು ಇಲ್ಲಿ ದಂಡೆಯ ಮಣ್ಣು ಹಿಡಿದು ನಿಂತಿದ್ದೆ, ಅಲ್ಲಿ ಬೇರೆ ಯಾರೋ ನನ್ನ ಹೆಸರು ಹೇಳಿ ಹಾಕಿದರು. ಬಿದ್ದ ಸದ್ದು ಅದೇ ಕ್ಷಣ ಇಲ್ಲಿ ಕೇಳಿಸಿತು.

ನಿಮ್ಮ ಕಾಲದಲ್ಲಿ ಹಾರಾಟ ನಿಜವಾದದ್ದು. ಕಿಟಕಿ ಪಕ್ಕದ ಸೀಟು ಸಿಗಲಿಲ್ಲವೆಂದು ನೀವು ಮುನಿಸಿಕೊಳ್ಳುತ್ತೀರಂತೆ. ಮುನಿಸಿಕೊಳ್ಳಿ, ಆದರೆ ಹೋಗಿ. ಕರೆದವರು ಬದುಕಿರುವಾಗ ಹೋಗಿ, ಹಣೆ ಮುಟ್ಟಿ ಜ್ವರ ಎಷ್ಟಿದೆ ನೋಡಿ.

ನಾಳೆ ಹೊಳೆ ಇಳಿಯುತ್ತದೆ ಎನ್ನುತ್ತಾರೆ. ಮೈಸೂರಿನಲ್ಲಿ ಒಂದು ಕೂಸು ಕಂಡವರ ಹಾಲು ಕುಡಿಯುತ್ತಿದೆ. ಅದಕ್ಕೆ ಹೆಸರಿಡುವುದನ್ನು ತಡೆದಿದ್ದಾರೆ, ಅಜ್ಜಿ ಬರಲಿ ಎಂದು.

ಜಗದೇವಿ